ಬೆಚ್ಚನೆಯ ಮೂಲೆ

ಗಿರಣಿಯ ಗೇಟಿನ ಹೊರಗೆ ಗುರುಬಸಪ್ಪನವರ ಕಪ್ಪು ಕಾರು ನಿಂತಿರುವುದು ಕಂಡಾಗಲೇ ಪರಮಶಿವಯ್ಯ ಹೆಜ್ಜೆ ನಿಲ್ಲಿಸಿದ. ಬೆಳಗಿನ ಪಾಳಿ ಮುಗಿಸಿ, ಮೈಕೈಗೆ ಮೆತ್ತಿದ ಕಲ್ಲಿದ್ದಲ ಮಸಿ ತೊಳೆದುಕೊಂಡು ಸೈಕಲ್ಲು ತಳ್ಳುತ್ತಾ ಬರುತ್ತಿದ್ದವನು, ಹಾಗೇ ತಿರುಗಿ ಹಿಂದಿನ ಗೇಟಿನಿಂದ ಹೋಗಿಬಿಡಲೇ ಎಂದು ಯೋಚಿಸಿದ. ಅಷ್ಟರಲ್ಲಿ ಸಾಹುಕಾರರು ಅವನನ್ನು ಕಂಡು ಕೈಯೆತ್ತಿದ್ದರು.

ಒಂದು ವರ್ಷದಿಂದ ಅವನು ಆ ಮನೆಯ ದಾರಿ ತುಳಿದಿರಲಿಲ್ಲ.

"ಬಾಯ್ಲರ್ ನಿಂತ್ಹೋಗಿದೆ, ಪರಮಶಿವಯ್ಯ. ನಾಲ್ಕು ದಿನ ಆಯ್ತು," ಎಂದರು ಗುರುಬಸಪ್ಪ. ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಕೋಟು ಬೇರೆ ಯಾರದ್ದೋ ಹಾಕಿಕೊಂಡಂತಿತ್ತು.

"ಇನ್ನೂ ಅದನ್ನ ಹಚ್ತಾ ಇದೀರಾ ಸಾವ್ಕಾರ್ರೇ?"

"ನಮ್ಮನೆಯೋರು ಬಿಟ್ಟಿಲ್ಲ. ದಿನಾ ಹಚ್ಚಲೇಬೇಕು, ನೀರು ಬೆಚ್ಚಗಿರಲೇಬೇಕು. ಒಂದು ವರ್ಷದಿಂದ ಹಾಗೇ ನಡೀತಿದೆ. ಹೋಗ್ಲಿ ಅಂತ ನಾನೂ ಸುಮ್ಮನಿದ್ದೆ." ಅವರು ದನಿ ತಗ್ಗಿಸಿದರು. "ಈಗ ಅದು ನಿಂತ ಮೇಲೆ ಇನ್ನೊಂದು ಶುರುವಾಗಿದೆ. ಕೊಳದ ಒಂದು ಮೂಲೇಲಿ ಮಾತ್ರ ನೀರು ಬೆಚ್ಚಗೇ ಇದೆ ಅಂತಾರೆ. ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲೇ ಕೈ ಇಳಿಬಿಟ್ಕೊಂಡು ಕೂತಿರ್ತಾರೆ."

"ನೀವು ಮುಟ್ಟಿ ನೋಡಿದ್ರಾ?"

ಗುರುಬಸಪ್ಪ ಕೋಟಿನ ಜೇಬಿನಿಂದ ಕಾರಿನ ಕೀಲಿ ತೆಗೆದರು. "ರಿಪೇರಿ ಮಾಡ್ಕೊಡಿ. ಎಲ್ಲಾ ನೀರೂ ಬಿಸಿಯಾಗ್ಬಿಟ್ರೆ ಆ ಮೂಲೆ ಮಾತು ತಾನಾಗೇ ನಿಲ್ಲುತ್ತೆ," ಎಂದು ಕಾರಿನ ಬಾಗಿಲು ತೆರೆದು ಹಿಡಿದರು.

ಗುರುಬಸಪ್ಪನವರು ದಾವಣಗೆರೆ ಕಡೆಯವರು. ಚಿಕ್ಕಪೇಟೆಯಲ್ಲಿ ರೇಷ್ಮೆ ನೂಲಿನ ವ್ಯಾಪಾರ. ಜಯನಗರದ ದಕ್ಷಿಣದ ಅಂಚಿನಲ್ಲಿ, ಸೈಟುಗಳು ಮುಗಿದು ಸಾರಕ್ಕಿಯ ಹೊಲಗಳು ಶುರುವಾಗುವ ಕಡೆ ಮನೆ ಕಟ್ಟಿಸಿದ್ದರು. ಒಬ್ಬಳೇ ಮಗಳು, ಜಯದೇವಿ. ಐದು ವರ್ಷದವಳಿದ್ದಾಗ ಜ್ವರ ಬಂತು. ಜ್ವರ ಬಿಟ್ಟಾಗ ಎರಡೂ ಕಾಲಿನ ಬಲ ಹೋಗಿತ್ತು. ಪೋಲಿಯೋ. ತೋರಿಸದ ಡಾಕ್ಟರಿಲ್ಲ, ಹೊರದ ಹರಕೆಯಿಲ್ಲ. ಕೊನೆಗೆ ಒಬ್ಬ ಡಾಕ್ಟರು, ಬೆಚ್ಚನೆಯ ನೀರಿನಲ್ಲಿ ದಿನಾ ಒಂದು ಗಂಟೆ ಕಾಲಾಡಿಸಿದರೆ ಸ್ವಲ್ಪ ಬಲ ಬಂದೀತು, ಆದರೆ ನೀರು ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೆರಡು ಡಿಗ್ರಿಗಿಂತ ಇಳಿಯಬಾರದು ಎಂದರು. ಅಷ್ಟೇ ಸಾಕಾಯಿತು. ಎರಡೇ ತಿಂಗಳಲ್ಲಿ ಮನೆಯ ಹಿಂದೆ ಇಪ್ಪತ್ತು ಅಡಿ ಉದ್ದದ, ಹತ್ತು ಅಡಿ ಅಗಲದ ಕೊಳ ಎದ್ದಿತು. ಅದರ ನೀರು ಕಾಯಿಸುವ ಬಾಯ್ಲರು ಕೂಡಿಸಿದವನು ಪರಮಶಿವಯ್ಯ. ಗಿರಣಿಯ ಬಾಯ್ಲರ್ ಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಗುಜರಿಯಿಂದ ಆರಿಸಿ ತಂದ ಕಬ್ಬಿಣದಲ್ಲಿ ಆಳೆತ್ತರದ ಬಾಯ್ಲರು ಮಾಡಿ, ಒಳಗೆ ತಾಮ್ರದ ಸುರುಳಿ ಕೊಳವೆ ಇಟ್ಟು, ಸಣ್ಣದೊಂದು ಮೋಟಾರು ಜೋಡಿಸಿದ್ದ. ಮೋಟಾರು ಕೊಳದ ತಣ್ಣೀರನ್ನು ಎಳೆದು ಸುರುಳಿಯೊಳಗೆ ಹಾಯಿಸಿ ಬಿಸಿ ಮಾಡಿ ಹಿಂದಕ್ಕೆ ಬಿಡುತ್ತಿತ್ತು. ಹುಡುಗಿ ಅವನನ್ನು "ಬಾಯ್ಲರ್ ಮಾಮ" ಎನ್ನುತ್ತಿದ್ದಳು.

ಈಶಾನ್ಯದ ಮೂಲೆಯಲ್ಲಿ ಅವಳಿಗೆಂದೇ ಒಂದು ಹಿತ್ತಾಳೆ ಸರಳು ಹಾಕಿಸಿದ್ದರು. ಅದನ್ನು ಹಿಡಿದು ಎದೆಮಟ್ಟದ ನೀರಿನಲ್ಲಿ ನಿಲ್ಲಬೇಕು. ಎರಡು ವರ್ಷ ಹಾಗೆ ನಿಂತು ನಿಂತು, ಒಂಬತ್ತನೆಯ ವಯಸ್ಸಿಗೆ ಒಂದು ಕೈ ಬಿಡುವುದಕ್ಕೆ ಕಲಿತಿದ್ದಳು.

ಹೋದ ವರ್ಷ ಇದೇ ಮಾಘ ಮಾಸದ ಒಂದು ಶನಿವಾರ ನೀರು ಬಿಸಿಯಾಗುವುದು ನಿಂತಿತು. ಮನೆಗೆಲಸದ ಸೊಣ್ಣಮ್ಮ ಗಿರಣಿಯವರೆಗೂ ನಡೆದು ಬಂದು ಹೇಳಿ ಹೋದಳು. "ಸೋಮವಾರ ಬರ್ತೀನಿ ಅಂತ ಹೇಳು," ಎಂದಿದ್ದ ಪರಮಶಿವಯ್ಯ. ಗಿರಣಿಯಲ್ಲಿ ವರ್ಷದ ತಪಾಸಣೆ. ಸೋಮವಾರ ಆಗಲಿಲ್ಲ, ಮಂಗಳವಾರವೂ ಆಗಲಿಲ್ಲ. ಬುಧವಾರ ಗಂಡ ಹೆಂಡತಿ ಒಂದು ಮದುವೆಗೆ ಹೋಗಿದ್ದಾಗ ಜಯದೇವಿ ಯಾರಿಗೂ ಹೇಳದೆ, ತೆವಳಿಕೊಂಡು ಹೋಗಿ, ತಣ್ಣೀರಿಗೆ ಇಳಿದುಬಿಟ್ಟಳು. ಅಪ್ಪ ಅಮ್ಮ ಬರುವುದರೊಳಗೆ ಎರಡೂ ಕೈ ಬಿಟ್ಟು ನಿಲ್ಲುವುದನ್ನು ಕಲಿಯಬೇಕು ಎಂಬುದು ಅವಳ ಹಟ. ಸೊಣ್ಣಮ್ಮ ಕಾಣುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು.

ಗುರುವಾರ ಪರಮಶಿವಯ್ಯ ಬಂದ. ಕೊಳವೆಯಲ್ಲಿ ಗಾಳಿ ಕಟ್ಟಿತ್ತು, ಅಷ್ಟೆ. ಮೇಲಿನ ಪುಟ್ಟ ತಿರುಪು ಸಡಿಲಿಸಿದ. ಗಾಳಿ ಬುಸ್ಸೆಂದು ಹೊರಬಿತ್ತು, ಹಿಂದೆಯೇ ನೀರು ಚಿಮ್ಮಿತು. ಎರಡು ನಿಮಿಷದ ಕೆಲಸ. ಹೊರಡುವಾಗ ಕಿಟಕಿಯೊಳಗಿಂದ, ಕಂಬಳಿಯ ಅಡಿಯಿಂದ, ಕ್ಷೀಣವಾದ ದನಿ ಕೇಳಿತ್ತು: "ಬಾಯ್ಲರ್ ಮಾಮ, ಸರಿ ಹೋಯ್ತಾ?"

"ಹೋಯ್ತು ಪುಟ್ಟಾ," ಎಂದಿದ್ದ.

ಒಂಬತ್ತನೆಯ ದಿನ ಹುಡುಗಿ ತೀರಿಕೊಂಡಳು. ಎದೆಯಲ್ಲಿ ಕಫ ಕಟ್ಟಿತ್ತಂತೆ. ಯಾರೂ ಅವನನ್ನು ಬೈಯಲಿಲ್ಲ, ಕರೆಸಿ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿತ್ತು. ಗಿರಣಿಯ ಬಾಯ್ಲರುಗಳ ಅಬ್ಬರದ ನಡುವೆ, ಪಕ್ಕದವನು ಕೂಗಿದ್ದೇ ಕೇಳಿಸದ ಸದ್ದಿನಲ್ಲಿ, ಆ ಪ್ರಶ್ನೆ ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಕಾರು ಹಿತ್ತಲ ಗೇಟಿನ ಬಳಿ ನಿಂತಿತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿದ್ದರೂ ಹೊಲಗಳ ಕಡೆಯಿಂದ ಬೀಸುವ ಗಾಳಿ ಮೂಳೆಗೆ ತಾಕುವಂತಿತ್ತು. ಕೊಳದ ಅಂಚಿನಲ್ಲಿ, ಹೊಂಗೆ ಮರದ ನೆರಳಿನಲ್ಲಿ, ಸಾಹುಕಾರರ ಹೆಂಡತಿ ಕಮಲಾದೇವಿಯವರು ಕೂತಿದ್ದರು. ಬಲಗೈ ಮೊಣಕೈವರೆಗೆ ನೀರಿನಲ್ಲಿತ್ತು.

"ಬಂದ್ರಾ ಪರಮಶಿವಯ್ಯನೋರೆ," ಎಂದರು, ನಿನ್ನೆ ತಾನೇ ಬಂದು ಹೋದವನನ್ನು ಮಾತಾಡಿಸುವ ಹಾಗೆ.

ಅವನು ಮುಖ ತಪ್ಪಿಸಿ ನೇರ ಬಾಯ್ಲರ್ ಕೋಣೆಗೆ ಹೋದ. ಕೆಲಸ ಕೈಗೆ ಬಂದರೆ ಜೀವ ಸ್ವಲ್ಪ ನೆಲೆಗೆ ನಿಲ್ಲುತ್ತದೆ. ಮೊದಲು ಮೇಲಿನ ತಿರುಪು ಸಡಿಲಿಸಿದ, ಗಾಳಿಯಿಲ್ಲ. ಹಾಗಾದರೆ ಹೋದ ವರ್ಷದ ಕಾಯಿಲೆಯಲ್ಲ. ಕಾಗದ ಉರಿಸಿ ಒಲೆಯ ಬಾಯಲ್ಲಿ ಹಿಡಿದ. ಹೊಗೆ ಸಲೀಸಾಗಿ ಮೇಲಕ್ಕೆ ಹೋಯಿತು, ಚಿಮಣಿ ಕಟ್ಟಿಕೊಂಡಿಲ್ಲ. ಮೋಟಾರು ಹಾಕಿದ. ತಿರುಗಿತು, ಆದರೆ ಒಣ ಗಂಟಲಲ್ಲಿ ಕೆಮ್ಮಿದ ಹಾಗೆ ಸದ್ದು. ನೀರು ಎಳೆಯುವ ಕೊಳವೆಯ ಬಾಯಿಯ ಜಾಲರಿ ಬಿಚ್ಚಿದರೆ ಅಂಗೈ ದಪ್ಪ ಕೊಳೆತ ಹೊಂಗೆ ಎಲೆ. ತೆಗೆದು ತೊಳೆದು ಕೂಡಿಸಿದ. ಸದ್ದು ಸುಧಾರಿಸಿತು, ನೀರು ಮಾತ್ರ ಹಿಂದಿರುಗುವ ಕೊಳವೆಯಲ್ಲಿ ತೊಟ್ಟಿಕ್ಕುತ್ತಿತ್ತು, ಹರಿಯಲಿಲ್ಲ.

"ಸುರುಳಿ ಒಳಗೇ ಕಟ್ಟಿದೆ," ಎಂದ, ಬಾಗಿಲಲ್ಲಿ ಬಂದು ನಿಂತಿದ್ದ ಸೊಣ್ಣಮ್ಮನಿಗೆ. "ಬಾವಿ ನೀರು ಗಡಸು. ಸುಣ್ಣ ಕೂತಿರತ್ತೆ. ಬಿಚ್ಚಬೇಕು."

ಬಿಳೇಕಹಳ್ಳಿಯ ಸೊಣ್ಣಮ್ಮ ದಿನಾ ಬೆಳಗ್ಗೆ ಬಾಯ್ಲರಿಗೆ ಬೆಂಕಿ ಹಾಕುವವಳು. ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದಳು: "ಅದಿರ್ಲಿ ಸಾಮಿ. ನೀವು ಆ ಮೂಲೇಗ್ ಒಂದಪ ಕೈ ಇಕ್ಕಿ ನೋಡಿ. ನಾನಂತೂ ಆ ಕಡೀಕ್ ಹೋಗಾಕಿಲ್ಲ."

ಹೋಗಲೇಬೇಕಾಯಿತು. ಕಮಲಾದೇವಿ ಸರಿದು ಜಾಗ ಬಿಟ್ಟರು. ಅವನು ಮೊಣಕಾಲೂರಿ ಮೊದಲು ಮೂಲೆಯಿಂದ ದೂರ, ನಡುಭಾಗದಲ್ಲಿ ಕೈ ಅದ್ದಿದ. ಬೆರಳು ಮರಗಟ್ಟುವಷ್ಟು ತಣ್ಣಗೆ. ಆಮೇಲೆ ಹಿತ್ತಾಳೆ ಸರಳಿನ ಪಕ್ಕದಲ್ಲಿ ಅದ್ದಿದ.

ಬೆಚ್ಚಗಿತ್ತು. ಬಿಸಿಲಿಗೆ ಕಾದ ನೀರಿನ ಹಾಗಲ್ಲ. ಆಗ ತಾನೇ ಮಗು ಎದ್ದು ಹೋದ ಹಾಸಿಗೆಯ ಹಾಗೆ.

ಪರಮಶಿವಯ್ಯ ದೆವ್ವ ಭೂತ ನಂಬುವವನಲ್ಲ. ಚೀಲದಿಂದ ಥರ್ಮಾಮೀಟರು ತೆಗೆದು ನಡುಭಾಗದಲ್ಲಿ ಇಳಿಬಿಟ್ಟ: ಅರವತ್ತಾರು. ಮೂಲೆಯಲ್ಲಿ ಇಳಿಬಿಟ್ಟ. ಪಾದರಸ ನಿಧಾನವಾಗಿ ಏರಿ ತೊಂಬತ್ತೆರಡಕ್ಕೆ ಬಂದು ನಿಂತಿತು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

ಅವನು ಎದ್ದು ಕೊಳದ ಸುತ್ತ ಎರಡು ಸುತ್ತು ಬಂದ. ಆ ಮೂಲೆಯ ಅಡಿಯಲ್ಲಿ ಕೊಳವೆಯಿಲ್ಲ. ಎಲ್ಲ ಕೊಳವೆಯನ್ನೂ ತಾನೇ ಕೈಯಾರೆ ಪಡುವಣ ಗೋಡೆಗೆ ಹಾಕಿದ್ದ. ಬಿಸಿಲು ಬೀಳುವುದಿಲ್ಲ, ಮೇಲೆ ಮರ, ಪಕ್ಕದಲ್ಲಿ ಕಾಂಪೌಂಡು. ಯಾರಾದರೂ ಬಿಸಿನೀರು ತಂದು ಸುರಿಯುತ್ತಿದ್ದಾರೆಯೇ ಎಂದು ಕೇಳಿದ್ದಕ್ಕೆ ಸೊಣ್ಣಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಉದ್ದನೆಯ ಬಿದಿರಿನ ಗಳ ತಂದು ಮೂಲೆಯ ನೀರನ್ನು ಚೆನ್ನಾಗಿ ಕಲಕಿದ. ಥರ್ಮಾಮೀಟರು ಎಪ್ಪತ್ತಕ್ಕೆ ಇಳಿಯಿತು. ಅವನಿಗೆ ಒಂದು ಥರ ಸಮಾಧಾನವಾಯಿತು, ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಪಾದರಸ ಮತ್ತೆ ತೊಂಬತ್ತೆರಡರಲ್ಲಿತ್ತು.

"ಕಲಕಬೇಡಿ," ಎಂದರು ಕಮಲಾದೇವಿ ಮೆಲ್ಲಗೆ. "ಅವಳಿಗೆ ಭಯ ಆಗುತ್ತೆ."

ಮಾರನೆಯ ದಿನ ಭಾನುವಾರ. ಬೆಳಗ್ಗೆ ಏಳಕ್ಕೇ ಇಟ್ಟಮಡುವಿನಿಂದ ಸೈಕಲ್ಲು ತುಳಿದುಕೊಂಡು ಬಂದ. ಹೊಲದ ಮೇಲೆ ಇನ್ನೂ ಮಂಜು ಕವಿದಿತ್ತು. ಬಾಯ್ಲರಿನ ಮುಚ್ಚಳ ತೆಗೆದು ತಾಮ್ರದ ಸುರುಳಿ ಹೊರಗೆಳೆದ. ಕೊಳವೆಯೊಳಗೆ ಕಿರುಬೆರಳು ತೂರದಷ್ಟು ಸುಣ್ಣ ಕಟ್ಟಿತ್ತು. ಕೊಳದಿಂದ ದೂರ ಗುಂಡಿ ತೋಡಿ, ಸುರುಳಿಯೊಳಗೆ ಆಸಿಡ್ ಹುಯ್ದು, ಅದು ನೊರೆಯುಕ್ಕಿಸಿ ಸುಣ್ಣ ತಿನ್ನುವುದನ್ನು ಕಾಯುತ್ತಾ ಕೂತ. ಕಮಲಾದೇವಿ ತಾವೇ ಕಾಫಿ ತಂದು ಕೊಟ್ಟು, ಮೂಲೆಗೆ ಹೋಗದೆ ಅಲ್ಲೇ ಕಲ್ಲಿನ ಮೇಲೆ ಕೂತರು.

ಅವನು ಕುಡಿಯದೆ ಲೋಟ ಕೆಳಗಿಟ್ಟ.

"ತಾಯಿ, ನನಗೆ ಶನಿವಾರವೇ ಗೊತ್ತಿತ್ತು," ಎಂದ. "ಹೋದ ವರ್ಷ. ಸೊಣ್ಣಮ್ಮ ಶನಿವಾರವೇ ಬಂದು ಹೇಳಿದ್ಲು. ಒಂದು ಗಳಿಗೆ ಬಂದು ಹೋಗೋಕೆ ಆಗ್ತಿರಲಿಲ್ಲ ಅಂತೇನಿಲ್ಲ. ಸಂಜೆ ಹೊತ್ತು ಬರಬಹುದಾಗಿತ್ತು. ಸುಸ್ತಾಗಿತ್ತು, ಸೋಮವಾರ ಹೋದ್ರಾಯ್ತು ಅನ್ಕೊಂಡೆ. ಎರಡು ನಿಮಿಷದ ಕೆಲಸ ತಾಯಿ, ಎರಡೇ ನಿಮಿಷದ್ದು."

"ಗೊತ್ತು," ಎಂದರು ಅವರು.

"ಗೊತ್ತಿದ್ದೂ ಒಂದು ಮಾತು ಅನ್ಲಿಲ್ಲ ನೀವು."

ಅವರು ಆಸಿಡ್ಡಿನ ನೊರೆಯನ್ನೇ ನೋಡುತ್ತಾ ಹೇಳಿದರು: "ಮದುವೆಗೆ ಹೊರಡುವಾಗ ಅವಳಿಗೆ ಎಲ್ಲಾ ಹೇಳಿದ್ದೆ. ಹಾಲು ಕುಡಿ ಅಂದೆ. ಸೊಣ್ಣಮ್ಮನ್ನ ಗೋಳುಹುಯ್ಕೋಬೇಡ ಅಂದೆ. ಬಾಗಿಲಾಚೆ ಹೋದೋಳು ವಾಪಸ್ಸು ಬಂದು, ಸ್ವೆಟರ್ ಬಿಚ್ಚಬೇಡ ಅಂತಾನೂ ಹೇಳಿದೆ. ನೀರು ತಣ್ಣಗಿದೆ, ಇಳೀಬೇಡ ಅಂತ ಮಾತ್ರ ಹೇಳ್ಲಿಲ್ಲ. ಹೊಳೀಲೇ ಇಲ್ಲ ನನಗೆ. ನಿಮಗೇನು ಅನ್ನಲಿ ನಾನು?"

ಕಾಫಿ ಆರಿಹೋಯಿತು. ಮರದಿಂದ ಒಂದು ಎಲೆ ಕೊಳಕ್ಕೆ ಬಿದ್ದು, ಗಾಳಿಯಿಲ್ಲದಿದ್ದರೂ ತೇಲುತ್ತಾ ತೇಲುತ್ತಾ ಈಶಾನ್ಯದ ಕಡೆಗೆ ಹೋಯಿತು. ಅವನು ಅದನ್ನು ಕಂಡ. ಅವರೂ ಕಂಡಿರಬೇಕು.

ಸಂಜೆಯ ಹೊತ್ತಿಗೆ ಸುರುಳಿ ಹೊಸ ತಂಬಿಗೆಯಂತೆ ಹೊಳೆಯಿತು. ತಿರುಪುಗಳಿಗೆಲ್ಲ ಹೊಸ ವಾಷರು ಹಾಕಿ ಕೂಡಿಸಿದ. ಮೋಟಾರು ಹಾಕಿದರೆ ನೀರು ಧಾರೆಯಾಗಿ ಹರಿಯಿತು. "ನಾಳೆ ಬೆಳಗಿನ ಜಾವ ಬೆಂಕಿ ಹಾಕು, ಮಧ್ಯಾಹ್ನದವರೆಗೂ ಒಲೆಗೆ ಕೋಕು ಇದ್ದಿಲು ತುಂಬ್ತಾ ಇರು," ಎಂದು ಸೊಣ್ಣಮ್ಮನಿಗೆ ಹೇಳಿ ಹೊರಟ. ಗುರುಬಸಪ್ಪನವರು ಅವನ ಕೈ ಹಿಡಿದುಕೊಂಡರು. ಆ ಮನುಷ್ಯ ಒಂದು ಸಲವೂ ಕೊಳದ ಹತ್ತಿರ ಸುಳಿದಿರಲಿಲ್ಲ.

ಸೋಮವಾರ ಪಾಳಿ ಮುಗಿಸಿ ಬಂದಾಗ ನೀರಿನ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು. ಥರ್ಮಾಮೀಟರು ನಡುಭಾಗದಲ್ಲಿ ತೊಂಬತ್ತೆರಡು, ಪಡುವಣದಲ್ಲಿ ತೊಂಬತ್ತೆರಡು, ಮೂಲೆಯಲ್ಲಿ ತೊಂಬತ್ತೆರಡು. ಇಷ್ಟು ಚೆನ್ನಾಗಿ ಅದು ಎಂದೂ ಕೆಲಸ ಮಾಡಿರಲಿಲ್ಲ.

ಕಮಲಾದೇವಿ ಮೂಲೆಯಲ್ಲಿ ಕೈಯದ್ದಿ ಕೂತಿದ್ದವರು ಎದ್ದರು. ಎರಡು ಹೆಜ್ಜೆ ಸರಿದು ಬಗ್ಗಿ ನೀರು ಮುಟ್ಟಿದರು. ಮತ್ತೆರಡು ಹೆಜ್ಜೆ. ಮತ್ತೆ ಮುಟ್ಟಿದರು. ಹಾಗೇ ಕೊಳದ ಅಂಚಿನುದ್ದಕ್ಕೂ, ಜನಜಂಗುಳಿಯಲ್ಲಿ ಕೈತಪ್ಪಿದ ಮಗುವನ್ನು ಹುಡುಕುವವರಂತೆ, ಬರಬರುತ್ತಾ ಹೆಜ್ಜೆ ಬೀಸಾಗಿ, ಸೆರಗು ನೀರಿಗೆ ಬಿದ್ದದ್ದೂ ತಿಳಿಯದೆ, ಒಂದು ಸುತ್ತು ಬಂದರು. ಕೊನೆಗೆ ಅವನೆದುರು ಬಂದು ನಿಂತರು.

"ಎಲ್ಲಾ ಕಡೇನೂ ಒಂದೇ ಥರ ಇದೆಯಲ್ಲಾ ಪರಮಶಿವಯ್ಯನೋರೆ," ಎಂದರು. "ಅವಳೆಲ್ಲಿ ನಿಂತಿದಾಳೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವನು ಥರ್ಮಾಮೀಟರು ಒರೆಸಿ ಚೀಲಕ್ಕೆ ಹಾಕಿದ.

"ಆರಿಸಿಬಿಡಿ. ಈಗ್ಲೇ ಆರಿಸಿ."

ಉರಿಯುವ ಕೋಕನ್ನು ಸಲಿಕೆಯಿಂದ ಹೊರಗೆಳೆದು ನೀರು ಹುಯ್ದ. ಕೋಣೆಯೆಲ್ಲ ಬೂದಿ ಮಿಶ್ರಿತ ಹಬೆ ತುಂಬಿ ಕಣ್ಣು ಉರಿಯಿತು. ಎರಡು ದಿನ ಹಿಡಿದು ಸರಿಮಾಡಿದ್ದನ್ನು ಎರಡು ನಿಮಿಷದಲ್ಲಿ ಕೆಡಿಸಿದೆ ಎಂದುಕೊಂಡ. ಜಗಲಿಯ ಮೇಲೆ ನಿಂತು ನೋಡುತ್ತಿದ್ದ ಗುರುಬಸಪ್ಪನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಂಗಳವಾರ ಪರಮಶಿವಯ್ಯನಿಗೆ ಗಿರಣಿಯಲ್ಲಿ ಕೆಲಸ ಸಾಗಲಿಲ್ಲ. ಆ ನೀರು ಈಗ ಎಷ್ಟು ಡಿಗ್ರಿಗೆ ಇಳಿದಿರಬಹುದು ಎಂದು ಗಂಟೆ ಗಂಟೆಗೂ ಲೆಕ್ಕ ಹಾಕುತ್ತಿದ್ದ. ಬುಧವಾರ ಮಧ್ಯಾಹ್ನ ಯಾರೂ ಕರೆಯದಿದ್ದರೂ ಹೋದ.

ಕಮಲಾದೇವಿ ಎಂದಿನ ಜಾಗದಲ್ಲೇ ಇದ್ದರು. ಕೈ ನೀರಿನಲ್ಲಿ ಬಿಳಿಚಿ ಸುಕ್ಕುಗಟ್ಟಿತ್ತು.

"ನನ್ನ ಕೈಗೆ ಏನೂ ತಿಳೀತಾ ಇಲ್ಲ," ಎಂದರು. "ಮರಗಟ್ಟಿಹೋಗಿದೆ. ನಿಮ್ಮ ಕಡ್ಡೀಲಿ ನೋಡಿ ಹೇಳಿ."

ಅವನು ಥರ್ಮಾಮೀಟರು ಇಳಿಬಿಟ್ಟು ಕಾದ. ಅರವತ್ತಾರು. ಒರೆಸಿ ಮತ್ತೆ ಇಳಿಬಿಟ್ಟ. ಸರಳಿನ ಪಕ್ಕ, ಸರಳಿನ ಕೆಳಗೆ, ನೆಲಕ್ಕೆ ತಾಗುವಂತೆ. ಅರವತ್ತಾರು. ಸುಳ್ಳು ಹೇಳಿಬಿಡಬಹುದಿತ್ತು, ಆ ಸಣ್ಣ ಗೆರೆಗಳನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ಇದೇ ಅಂಗಳದಲ್ಲಿ ನಿಂತು ಒಂದು ಸಲ ಎಲ್ಲಾ ಸರಿಹೋಯಿತು ಎಂದು ಅವನು ಹೇಳಿದ್ದಾಗಿತ್ತು.

"ಇಲ್ಲ ತಾಯಿ," ಎಂದ. "ಎಲ್ಲಾ ಕಡೆ ಇದ್ದ ಹಾಗೇ ಇದೆ. ತಣ್ಣಗಿದೆ."

ಅವರು ಅಳುತ್ತಾರೆ ಎಂದುಕೊಂಡಿದ್ದ. ಅಳಲಿಲ್ಲ. ಕೈ ಹೊರಗೆ ತೆಗೆದು, ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಹೋದ್ಲು ಹಾಗಾದ್ರೆ," ಎಂದರು. ಎದ್ದು ನಿಂತು, "ನೀರು ಬಿಟ್ಟುಬಿಡಿ. ಇನ್ನು ಯಾಕೆ ಹಿಡಿದಿಟ್ಕೊಳ್ಳೋದು," ಎಂದರು.

ಕೊಳದ ತಳದ ತೂಬು ಮೂರು ವರ್ಷದಲ್ಲಿ ಹತ್ತು ಹನ್ನೆರಡು ಸಲ ತೆರೆದದ್ದೇ. ಈ ಸಲ ಯಾಕೋ ಕಚ್ಚಿಕೊಂಡಿತ್ತು. ಪರಮಶಿವಯ್ಯ ಪಂಚೆ ಎತ್ತಿ ಕಟ್ಟಿ ಚಾವಿಯ ಮೇಲೆ ಮೈಭಾರವನ್ನೆಲ್ಲ ಹಾಕಿದ. ಕಿರ್ರೆಂದು ತಿರುಗಿತು. ಕಾಂಪೌಂಡಿನ ಹೊರಗಿನ ಕಾಲುವೆಯಲ್ಲಿ ನೀರು ಮೊದಲು ಕೆಸರು ಕೆಸರಾಗಿ, ಆಮೇಲೆ ತಿಳಿಯಾಗಿ ಹರಿಯತೊಡಗಿತು.

ಹಿತ್ತಲ ಗೇಟು ತೆರೆದ ಸದ್ದಾಯಿತು. ನೋಡಿದರೆ ಕಮಲಾದೇವಿ ಬರಿಗಾಲಲ್ಲಿ ಕಾಲುವೆಯ ಪಕ್ಕದಲ್ಲಿ, ನೀರಿನ ಮುಂದಲೆಯ ಜೊತೆ ಜೊತೆಗೇ ನಡೆಯುತ್ತಿದ್ದರು. ಒಣಗಿದ ಮಣ್ಣಿನಲ್ಲಿ ನೀರು ಒಂದೊಂದು ಕಡೆ ನಿಂತು, ತುಂಬಿ, ಮತ್ತೆ ಮುಂದೆ ಸಾಗುತ್ತಿತ್ತು. ಅದು ನಿಂತಾಗ ಅವರೂ ನಿಲ್ಲುತ್ತಿದ್ದರು. ಪರಮಶಿವಯ್ಯ ಹತ್ತು ಮಾರು ಹಿಂದೆ ಹೋದ. ಇನ್ನೊಂದು ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಗುರುಬಸಪ್ಪನವರು, ಮನೆಯಲ್ಲಿ ಉಡುವ ಪಂಚೆಯಲ್ಲೇ, ಬಂದಿದ್ದರು. ಮೂವರೂ ನೀರಿನ ಹಿಂದೆ ಹೊಲದ ಬದುವಿನ ಮೇಲೆ ನಡೆದರು.

ಎರಡು ಹೊಲ ದಾಟಿದ ಮೇಲೆ ಸಾರಕ್ಕಿಯ ಚಿಕ್ಕಬೈರಪ್ಪನ ಸೊಪ್ಪಿನ ಮಡಿ. ಮುದುಕ ಗುದ್ದಲಿ ಹಿಡಿದು ನಿಂತಿದ್ದ. ಕಾಲುವೆಯಲ್ಲಿ ನೀರು ಬರುವುದನ್ನು ಕಂಡು ಅವನಿಗೆ ಆಶ್ಚರ್ಯ.

"ಎಲ್ಲಿಂದ ತಾಯಿ ಇದು?"

"ನಮ್ಮನೆಯಿಂದ."

"ಔಸ್ತಿ ಗಿವ್ಸ್ತಿ ಏನೂ ಬೆರಸಿಲ್ಲ ತಾನೇ? ಸೊಪ್ಪು ಎಳೇದು."

"ಹಾಕಿ ಒಂದು ವರ್ಷ ಆಯ್ತಪ್ಪ," ಎಂದರು ಕಮಲಾದೇವಿ. "ಬರೀ ನೀರು."

ಚಿಕ್ಕಬೈರಪ್ಪ ಗುದ್ದಲಿಯಿಂದ ಒಂದು ಕಡೆ ಮಣ್ಣು ಕಡಿದು ಇನ್ನೊಂದು ಕಡೆಗೆ ಒತ್ತಿದ. ನೀರು ಕಾಲುವೆ ಬಿಟ್ಟು ದಂಟಿನ ಸೊಪ್ಪಿನ ಮಡಿಗೆ ತಿರುಗಿತು. ಮೊದಲ ಸಾಲು ತುಂಬಿತು, ಎರಡನೆಯದು ತುಂಬಿತು. ಬಿಸಿಲು ಇಳಿಯುತ್ತಿತ್ತು. ನೆಲ ನೀರು ಕುಡಿಯುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಕಮಲಾದೇವಿ ಮಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. ನೀರನ್ನು ಮುಟ್ಟಲಿಲ್ಲ. ಕೊನೆಯ ಸಾಲಿನವರೆಗೂ ಅದು ಹೋಗುವುದನ್ನು ನೋಡುತ್ತಿದ್ದರು. ಗುರುಬಸಪ್ಪನವರು ಹೆಂಡತಿಯ ಪಕ್ಕದಲ್ಲಿ, ಮಣ್ಣಿನ ಮೇಲೆಯೇ, ಕೂತುಕೊಂಡರು.

"ಎರಡೂ ಕೈ ಬಿಟ್ಟಿದ್ಲಂತೆ," ಎಂದರು ಕಮಲಾದೇವಿ, ಗಂಡನ ಕಡೆ ನೋಡದೆ. "ಸೊಣ್ಣಮ್ಮ ನೋಡಿದಾಗ ಸರಳು ಹಿಡೀದೇ ನಿಂತಿದ್ಲಂತೆ. ನಿಮಗೆ ಹೇಳೇ ಇರ್ಲಿಲ್ಲ ನಾನು."

ಗುರುಬಸಪ್ಪನವರ ಹೆಗಲು ಅಲುಗತೊಡಗಿತು. ಪರಮಶಿವಯ್ಯ ಅವರಿಬ್ಬರಿಗೆ ಬೆನ್ನು ಮಾಡಿ, ಚಿಕ್ಕಬೈರಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡು, ಮುಂದಿನ ಮಡಿಗೆ ದಾರಿ ಬಿಡಿಸಲು ಬಗ್ಗಿದ.